ಹಳೇ ಜಿಸಿಗೆ ಹೊಸ ಸಾಫ್ಟ್‌ವೇರ್: ಭೋಸರಿಯ ಲ್ಯಾಬಿನಲ್ಲಿ ಕ್ಲಾರಿಟಿ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಸಣ್ಣ ಟೆಸ್ಟಿಂಗ್ ಲ್ಯಾಬು. ಟಾಲೀನ್, ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್), ಈಥೈಲ್ ಅಸಿಟೇಟ್‌ನಂಥ ದ್ರಾವಕಗಳ ಡ್ರಮ್ಮುಗಳ ಸ್ಯಾಂಪಲ್ ಬರುತ್ತವೆ, ಶುದ್ಧತೆ ನೋಡಿ ರಿಪೋರ್ಟ್ ಕೊಡುತ್ತೇವೆ. ದುಡಿಯುವುದೆಲ್ಲ ಒಂದು ಎಚ್‌ಪಿ 5890 ಸೀರೀಸ್ 2 ಜಿಸಿ, ಅಂದರೆ ಗ್ಯಾಸ್ ಕ್ರೊಮಟೋಗ್ರಾಫ್. ಸ್ಯಾಂಪಲನ್ನು ಆವಿ ಮಾಡಿ ಅದರೊಳಗಿನ ಪದಾರ್ಥಗಳನ್ನು ಬೇರ್ಪಡಿಸುತ್ತದೆ; ಒಂದೊಂದಕ್ಕೂ ಗ್ರಾಫಿನಲ್ಲಿ ಒಂದು ಪೀಕ್ (ಗುಡ್ಡ) ಬರುತ್ತದೆ, ಅದರ ಏರಿಯಾದಿಂದ ಪ್ರಮಾಣ ಲೆಕ್ಕ ಹಾಕುತ್ತೇವೆ. 1999ರಲ್ಲಿ ಎಚ್‌ಪಿಯಿಂದ ಅಜಿಲೆಂಟ್ ಬೇರೆಯಾಯಿತಲ್ಲ, ಅದಕ್ಕೂ ಹಳೆಯ ಮಷೀನು. ಓವನ್ನೂ ಎಫ್‌ಐಡಿಯೂ (ಪದಾರ್ಥಗಳನ್ನು ಜ್ವಾಲೆಯಲ್ಲಿ ಪತ್ತೆಹಚ್ಚುವ ಡಿಟೆಕ್ಟರ್) ಇನ್ನೂ ಗಟ್ಟಿಯಾಗಿವೆ. ಕೈಕೊಟ್ಟಿದ್ದು ಪಕ್ಕದ ಎಕ್ಸ್‌ಪಿ ಕಂಪ್ಯೂಟರು. ಅದರೊಳಗಿನ ಎಚ್‌ಪಿ-ಐಬಿ ಕಾರ್ಡನ್ನು (ಜಿಸಿಯನ್ನು ಕಂಪ್ಯೂಟರಿಗೆ ಜೋಡಿಸುವಂಥದ್ದು) ಹೊಸ ಕಂಪ್ಯೂಟರಿಗೆ ಕೂರಿಸೋಣವೆಂದರೆ ಈಗಿನ ಮದರ್‌ಬೋರ್ಡಿನಲ್ಲಿ ಆ ಸ್ಲಾಟೇ ಇಲ್ಲ.

ವಿಚಾರಿಸಿದ ಕಡೆಯೆಲ್ಲ ಹೊಸ ಜಿಸಿಯ ಕೊಟೇಶನ್ನೇ ಬಂತು. ಆಗ ನಮ್ಮ ಮಾಲೀಕರು (ಬೆಳಗಾವಿಯವರು, ಲೆಕ್ಕದಲ್ಲಿ ಬಲು ಬಿಗಿ) ಕೇಳಿದರು: "ಓವನ್ನೂ ಕಂಪ್ಯೂಟರೇ ಓಡಿಸಬೇಕೇನ್ರಿ, ಇಲ್ಲಾ ಪೀಕ್ ಬಂದ್ರ ಸಾಕೋ?" ಕೆಮಿಸ್ಟ್ರಿ ಓದದವರು ಕೇಳಿದ ಈ ಪ್ರಶ್ನೆಯೇ ಖರ್ಚು ಇಳಿಸಿತು. 5890ರ ಕೀಪ್ಯಾಡಿನಲ್ಲೇ ಮೂರು ರ‍್ಯಾಂಪ್‌ಗಳ ಟೆಂಪರೇಚರ್ ಪ್ರೋಗ್ರಾಂ (ಓವನ್ನಿನ ಬಿಸಿಯನ್ನು ಹಂತ ಹಂತವಾಗಿ ಏರಿಸುವ ಕ್ರಮ) ಕೂರುತ್ತದೆ. ನಮಗೆ ಬೇಕಿದ್ದದ್ದು ಮಷೀನಿನ ಹಿಂಬದಿಯ 1 ವೋಲ್ಟ್ ಅನಲಾಗ್ ಔಟ್‌ಪುಟ್ ಓದಿ ಅಂಕಿಗಳಾಗಿಸುವ ಒಂದು ಎ/ಡಿ ಕನ್ವರ್ಟರ್, ರನ್ ಶುರುವಾದದ್ದನ್ನು ತಿಳಿಸುವ ಒಂದು ಸ್ಟಾರ್ಟ್ ಕೇಬಲ್, ಪೀಕ್ ಲೆಕ್ಕ ಹಾಕುವ ಸಾಫ್ಟ್‌ವೇರ್, ಇಷ್ಟೇ.

ಪ್ರಾಗ್‌ನ ಡೇಟಾಏಪೆಕ್ಸ್ ಕಂಪನಿಯ ಕ್ಲಾರಿಟಿ ತಗೊಂಡೆವು, ಜೊತೆಗೆ ಅವರದೇ ಕೊಲಿಬ್ರಿಕ್ ಕನ್ವರ್ಟರ್. ಅದು 24 ಬಿಟ್, ಯುಎಸ್‌ಬಿಯಲ್ಲಿ ಸಿಕ್ಕಿಸುವಂಥದ್ದು. ಇಂಟಿಗ್ರೇಶನ್ (ಪೀಕಿನ ಏರಿಯಾ ಲೆಕ್ಕ) ನನಗೆ ಹಿಡಿಸಿತು: ಪೀಕಿನ ತಳಗೆರೆಯಾದ ಬೇಸ್‌ಲೈನನ್ನು ಮೌಸಿನಿಂದ ಎಳೆದು ಸರಿಪಡಿಸಬಹುದು, ಕ್ಯಾಲಿಬ್ರೇಶನ್ ಕರ್ವ್ (ಏರಿಯಾವನ್ನು ಪ್ರಮಾಣಕ್ಕೆ ಬದಲಿಸುವ ಗೆರೆ) ಎದುರಿಗೇ ಇರುತ್ತದೆ. ಹೊಸ ಹುಡುಗಿ ಒಂದೇ ಮಧ್ಯಾಹ್ನದಲ್ಲಿ ಕಲಿತಳು. ಮಷೀನನ್ನು ಕಂಪ್ಯೂಟರಿನಿಂದಲೇ ಓಡಿಸುವ ಕಂಟ್ರೋಲ್ ಮಾಡ್ಯೂಲುಗಳನ್ನು ಬೇರೆಯಾಗಿ ಮಾರುತ್ತಾರೆ, ಹಾಗಾಗಿ ಬೇಡದ್ದಕ್ಕೆ ದುಡ್ಡು ಕೊಡಲಿಲ್ಲ.

ಶುದ್ಧತೆ ಪರೀಕ್ಷೆ ಮಾಡುವವರು ಒಂದು ಕಡೆ ಕಣ್ಣಿಡಬೇಕು. ಟಾಲೀನಿನ ಮುಖ್ಯ ಪೀಕ್ 1 ವೋಲ್ಟ್ ದಾಟಿದರೆ ತಲೆ ಚಪ್ಪಟೆಯಾಗುತ್ತದೆ, ಅದರ ಏರಿಯಾ ಕಡಿಮೆ ಬರುತ್ತದೆ, ಅದರಲ್ಲಿ ಕಶ್ಮಲವಾಗಿರುವ ಬೆಂಜೀನಿನ ಶೇಕಡಾ ಸುಮ್ಮನೆ ಏರಿಬಿಡುತ್ತದೆ. ಒಳ್ಳೇ ಮಾಲು ಫೇಲ್! ಇದು ಸಾಫ್ಟ್‌ವೇರಿನ ತಪ್ಪಲ್ಲ. ಮಷೀನಿನಲ್ಲಿ ರೇಂಜ್ (ಸಿಗ್ನಲ್ಲನ್ನು ತಗ್ಗಿಸುವ ಸೆಟ್ಟಿಂಗ್) ಏರಿಸಬೇಕು. ಏರಿಸಿದಾಗ ಸಣ್ಣ ಪೀಕುಗಳು ಇನ್ನೂ ಕುಗ್ಗುತ್ತವೆ, ಅವನ್ನು ಬಿಡದೆ ಹಿಡಿಯಲು 24 ಬಿಟ್ ಕೆಲಸಕ್ಕೆ ಬರುತ್ತದೆ. ಸ್ಯಾಂಪ್ಲಿಂಗ್ 10 ಹರ್ಟ್ಸ್ (ಸೆಕೆಂಡಿಗೆ ಹತ್ತು ಸಲ ಸಿಗ್ನಲ್ ಓದುವುದು) ಇಟ್ಟಿದ್ದೇವೆ, ನಮ್ಮ ಕ್ಯಾಪಿಲರಿ (ತೆಳು ಕೊಳವೆಯ ಕಾಲಮ್) ಪೀಕುಗಳಿಗೆ ಸಾಕು.

ಕೊರತೆಯೂ ಇದೆ. ಓವನ್ ಎಷ್ಟು ಡಿಗ್ರಿಯಲ್ಲಿ ಓಡಿತು ಎಂಬುದು ಅನಲಾಗ್ ತಂತಿಯಲ್ಲಿ ಬರುವುದಿಲ್ಲ. ಆ ಸೆಟ್ಟಿಂಗ್‌ಗಳನ್ನು ನಾವೇ ಮೆಥಡ್‌ನಲ್ಲಿ ಟೈಪ್ ಮಾಡಿ, ಲಾಗ್‌ಬುಕ್ಕಿನಲ್ಲೂ ಬರೆದು ಸಹಿ ಹಾಕುತ್ತೇವೆ. ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಬೇಕಾದವರಿಗೆ ಐಎಸ್‌ಒ/ಐಇಸಿ 17025 ಮಾನದಂಡದ ಪ್ರಕಾರ ಸಾಫ್ಟ್‌ವೇರ್ ವ್ಯಾಲಿಡೇಶನ್ (ಸರಿಯಾಗಿ ಕೆಲಸ ಮಾಡುತ್ತದೆಂಬ ಪರೀಕ್ಷೆ) ಕಾಗದವೂ ಬೇಕು. ಔಷಧ ಕಂಪನಿಯವರಿಗೆ, ಎಚ್‌ಪಿಎಲ್‌ಸಿಯಲ್ಲಿ (ದ್ರವ ಹರಿಸಿ ಬೇರ್ಪಡಿಸುವ ಮಷೀನ್) ಪಂಪಿನ ಗ್ರೇಡಿಯೆಂಟ್ (ದ್ರಾವಕಗಳ ಮಿಶ್ರಣದ ಪ್ರಮಾಣ) ಕಂಪ್ಯೂಟರಿನಿಂದಲೇ ಬದಲಿಸುವವರಿಗೆ ನಮ್ಮ ದಾರಿ ಆಗುವುದಿಲ್ಲ, ಅವರು ಕಂಟ್ರೋಲ್ ಮಾಡ್ಯೂಲ್ ಕೊಳ್ಳಲೇಬೇಕು. ಪುಕ್ಕಟೆ ಬೇಕೆಂದು ಓಪನ್‌ಕ್ರೋಮ್ ಹುಡುಕುವವರಿಗೂ ಒಂದು ಮಾತು: ಅದು ರೆಕಾರ್ಡ್ ಆದ ಡೇಟಾ ವಿಶ್ಲೇಷಿಸಲು ಚೆನ್ನಾಗಿದೆ, ಮಷೀನ್ ಓಡಿಸುವುದಿಲ್ಲ.

ಕ್ಲಾರಿಟಿಯ ಡೆಮೊ ಉಚಿತ, ಮೊದಲು ಅದನ್ನು ಹಾಕಿ ನೋಡಿ. ಕೊಟೇಶನ್ ಕೇಳುವಾಗ ಲೈಸೆನ್ಸ್, ಕನ್ವರ್ಟರ್, ಕೇಬಲ್ ಮೂರಕ್ಕೂ ಬೇರೆ ಬೇರೆ ಬೆಲೆ ಬರೆಸಿಕೊಳ್ಳಿ. ನಮ್ಮ ಸ್ಟಾರ್ಟ್ ಕೇಬಲನ್ನು ಪಕ್ಕದ ಶೆಡ್ಡಿನ ಎಲೆಕ್ಟ್ರಿಶಿಯನ್ ಎರಡು ತಂತಿ ಬೆಸೆದು ಮಾಡಿಕೊಟ್ಟ.