ಐದು ವರ್ಷ ಮುಗಿದು ಎರಡನೇ ಸುತ್ತಿಗೆ: ಹಿರಿಯ ನಾಗರಿಕರ ಉಳಿತಾಯ ಯೋಜನೆ ಬಳಸಿದ ಗುಮಾಸ್ತನ ವಿಮರ್ಶೆ

ರೇಟಿಂಗ್: 5ಕ್ಕೆ 4. ಕಡಿಮೆ ಕೊಟ್ಟ ಆ ಒಂದು ಅಂಕದಲ್ಲಿ ಅರ್ಧ ಯೋಜನೆಯ ತಪ್ಪು, ಅರ್ಧ ನನ್ನದೇ.

ನಾನು ರಾಯಚೂರಿನವ. ಮೂವತ್ತೊಂದು ವರ್ಷ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಲೆಕ್ಕ ಬರೆದೆ. ಮೊದಲು ಕೆಂಪು ರಟ್ಟಿನ ಕೀರ್ದಿ (ದಿನದ ಲೆಕ್ಕದ ಪುಸ್ತಕ), ಖತಾವಣಿ (ಒಬ್ಬೊಬ್ಬರ ಲೆಕ್ಕದ ಪುಸ್ತಕ), ಆಮೇಲೆ ಕಂಪ್ಯೂಟರಿನಲ್ಲಿ ಟ್ಯಾಲಿ. 2019ರ ಜೂನ್‌ನಲ್ಲಿ 60 ತುಂಬಿತು. ಸಾವ್ಕಾರರು ಶಾಲು ಹೊದಿಸಿ ಕಳಿಸಿಕೊಟ್ಟರು. ಪಿಎಫ್, ಗ್ರಾಚ್ಯುಟಿ, ಒಂದು ಎಲ್‌ಐಸಿ ಪಾಲಿಸಿ ಎಲ್ಲ ಸೇರಿ ಕೈಗೆ ಬಂದದ್ದು ಹದಿನಾರು ಲಕ್ಷದ ಚಿಲ್ಲರೆ. ಪೆನ್ಶನ್ ಎಂದರೆ ಪಿಎಫ್ ಜೊತೆಗಿನ ಪಿಂಚಣಿ ಯೋಜನೆ ಇಪಿಎಸ್‌ನಿಂದ ತಿಂಗಳಿಗೆ 2,600. ಮಹಡಿ ಮೇಲಿನ ಎರಡು ಕೋಣೆಗೆ ಬಾಡಿಗೆ 6,000. ಇಷ್ಟರಲ್ಲಿ ಗಂಡ ಹೆಂಡತಿ ಬದುಕಬೇಕು, ಮಗನ ಮುಂದೆ ಕೈ ಚಾಚಬಾರದು. ನನಗಿದ್ದ ಹಟ ಅದೊಂದೇ.

ಗಂಜಿನಲ್ಲಿ, ಅಂದರೆ ನಮ್ಮ ಮಾರುಕಟ್ಟೆಯಲ್ಲಿ, ಯಾರ ಕೈಯಲ್ಲಿ ದುಡ್ಡಿದೆ ಅನ್ನುವುದು ಹತ್ತಿಯ ರೇಟಿಗಿಂತ ಬೇಗ ಗೊತ್ತಾಗುತ್ತದೆ. ವಾರದೊಳಗೆ ಮೂವರು ಬಂದರು. ಒಬ್ಬರು ಚೀಟಿ ಅಂದರು, ಒಬ್ಬರು ಮಂತ್ರಾಲಯ ರಸ್ತೆಯಲ್ಲಿ ಪ್ಲಾಟು ಅಂದರು. ಮೂರನೆಯವರು, ನನಗೆ ಇಪ್ಪತ್ತು ವರ್ಷದಿಂದ ಗೊತ್ತಿದ್ದ ದಲಾಲಿ ಅಂಗಡಿಯವರು, ತಿಂಗಳಿಗೆ ನೂರಕ್ಕೆ ಎರಡರ ಬಡ್ಡಿ ಕೊಡುತ್ತೇವೆ ಅಂದರು. ಅಂದರೆ ವರ್ಷಕ್ಕೆ 24 ಪರ್ಸೆಂಟ್. ಬೇರೆಯವರ ಖತಾವಣಿಯಲ್ಲಿ "ಬಾರದ ಬಾಕಿ" ಎಂಬ ಪುಟವನ್ನು ನನ್ನ ಕೈಯಿಂದಲೇ ಎಷ್ಟು ಸಲ ಬರೆದಿದ್ದೆನೋ, ಅದು ನೆನಪಾಯಿತು. ನಮಸ್ಕಾರ ಹೇಳಿ ಕಳಿಸಿದೆ.

ಆಗಸ್ಟ್‌ನಲ್ಲಿ ಸ್ಟೇಷನ್ ರೋಡಿನ ಕಡೆಯ ಒಂದು ಬ್ಯಾಂಕಿನಲ್ಲಿ (ಹೆಸರು ಬೇಡ) ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಖಾತೆ ತೆಗೆದೆ. ಎಲ್ಲರೂ ಎಸ್‌ಸಿಎಸ್‌ಎಸ್ ಅನ್ನುವುದು ಇದಕ್ಕೇ. ಅಂಚೆ ಕಚೇರಿಯಲ್ಲೂ ಸಿಗುತ್ತದೆ, ಬ್ಯಾಂಕಿನಲ್ಲೂ ಸಿಗುತ್ತದೆ, ನಿಯಮ ಒಂದೇ. ಆಗ ಒಬ್ಬರಿಗೆ ಗರಿಷ್ಠ 15 ಲಕ್ಷ, 2023ರ ಏಪ್ರಿಲ್‌ನಿಂದ 30 ಲಕ್ಷ. ಐದು ವರ್ಷದ ಅವಧಿ. ಖಾತೆ ತೆಗೆದ ದಿನ ಯಾವ ಬಡ್ಡಿ ದರವಿತ್ತೋ ಐದೂ ವರ್ಷ ಅದೇ. ನನಗೆ ಸಿಕ್ಕಿದ್ದು 8.6.

15 ಲಕ್ಷಕ್ಕೆ ವರ್ಷಕ್ಕೆ 1,29,000. ಮೂರು ತಿಂಗಳಿಗೊಮ್ಮೆ 32,250. ಜನವರಿ, ಜುಲೈ, ಅಕ್ಟೋಬರ್‌ನ ಮೊದಲ ಕೆಲಸದ ದಿನ ಉಳಿತಾಯ ಖಾತೆಗೆ ಬಂದು ಬೀಳುತ್ತದೆ. ಏಪ್ರಿಲ್ 1 ಬ್ಯಾಂಕಿಗೆ ಲೆಕ್ಕ ಮುಗಿಸುವ ದಿನ, ಹಾಗಾಗಿ ಆ ಸಲ ಒಂದೆರಡು ದಿನ ಆಚೆ. ಐದು ವರ್ಷದಲ್ಲಿ ಒಂದು ಕಂತೂ ತಪ್ಪಲಿಲ್ಲ. ಲಾಕ್‌ಡೌನ್‌ನಲ್ಲಿ ಗಂಜ್ ಬಂದ್, ಮಿಲ್ ಬಂದ್, ಬಾಡಿಗೆಯವರು ಊರಿಗೆ ಹೋಗಿ ಕೋಣೆ ಖಾಲಿ. ಆಗಲೂ ಜುಲೈ 1ಕ್ಕೆ 32,250 ಬಂತು. ಆ ಮೆಸೇಜನ್ನು ಹೆಂಡತಿಗೆ ತೋರಿಸಿದ್ದು ನೆನಪಿದೆ.

ಆದರೆ ಆ ಬಡ್ಡಿಯನ್ನು ತೆಗೆದು ಬೇರೆ ಕಡೆ ಹಾಕದೆ ಬಿಟ್ಟರೆ ಈ ಯೋಜನೆಯಲ್ಲಿ ಬಡ್ಡಿಗೆ ಬಡ್ಡಿ ಇಲ್ಲ. ಚಕ್ರಬಡ್ಡಿ ಬೇಕೆನ್ನುವವರಿಗೆ ಇದು ಹೇಳಿದ್ದಲ್ಲ. ತಿಂದು ಬದುಕುವವರಿಗೆ ಹೇಳಿದ್ದು. ನಾನು ಮೂರು ತಿಂಗಳ ದುಡ್ಡನ್ನು ಮೂರು ಲಕೋಟೆಗೆ ಹಾಕುತ್ತಿದ್ದೆ, ಒಂದೊಂದಕ್ಕೆ 10,750. ಮೊದಲ ಲಕೋಟೆ ಯಾವಾಗಲೂ ಇಪ್ಪತ್ತೈದನೇ ತಾರೀಖಿಗೇ ಖಾಲಿ.

ಈಗ ನನ್ನ ತಪ್ಪಿಗೆ ಬರುತ್ತೇನೆ. 2021ರ ಮೇನಲ್ಲಿ ಹೆಂಡತಿಗೆ ಕೊರೊನಾ, ಆಸ್ಪತ್ರೆ, ಆಕ್ಸಿಜನ್. ತುರ್ತಾಗಿ ಎರಡು ಲಕ್ಷ ಬೇಕಾಯಿತು. ಆರೋಗ್ಯ ವಿಮೆ ಮಾಡಿಸಿರಲಿಲ್ಲ. ಅದು ಬೇರೆಯೇ ಮೂರ್ಖತನ. ಬ್ಯಾಂಕಿಗೆ ಹೋಗಿ ಖಾತೆಯಿಂದ ಎರಡು ಲಕ್ಷ ತೆಗೆಯಬೇಕು ಅಂದೆ. ಆಗುವುದಿಲ್ಲ ಅಂದರು. ಈ ಖಾತೆಯಿಂದ ಸ್ವಲ್ಪ ಸ್ವಲ್ಪ ತೆಗೆಯುವ ಹಾಗಿಲ್ಲ, ಒತ್ತೆ ಇಟ್ಟು ಸಾಲ ಎತ್ತುವ ಹಾಗೂ ಇಲ್ಲ. ಮುರಿದರೆ ಇಡೀ 15 ಲಕ್ಷ ಮುರಿಯಬೇಕು. ಆಗಿನ ನಿಯಮದಂತೆ ವರ್ಷ ತುಂಬುವ ಮೊದಲು ಮುರಿದರೆ ಬಡ್ಡಿಯೇ ಇಲ್ಲ, ಕೊಟ್ಟಿದ್ದನ್ನೂ ಅಸಲಿನಲ್ಲಿ ಹಿಡಿಯುತ್ತಾರೆ. ಒಂದು ವರ್ಷ ಆಗಿ ಎರಡು ತುಂಬದಿದ್ದರೆ ಅಸಲಿನ ಮೇಲೆ 1.5 ಪರ್ಸೆಂಟ್ ಕಡಿತ, ಎರಡು ದಾಟಿದ್ದರೆ 1 ಪರ್ಸೆಂಟ್. ನನ್ನ ಖಾತೆಗೆ ಒಂದು ವರ್ಷ ಒಂಬತ್ತು ತಿಂಗಳು. ಎರಡು ಲಕ್ಷದ ಸಲುವಾಗಿ 22,500 ದಂಡ, ಮೇಲಾಗಿ ಮತ್ತೆ ಖಾತೆ ತೆಗೆದರೆ ಆಗಿನ ದರ 7.4. ಅವಳ ಬಂಗಾರ ಅಡ ಇಟ್ಟೆ. ಅವಳು ಗುಣವಾಗಿ ಬಂದ ಮೇಲೆ ಮೂರು ನಾಲ್ಕು ಕಂತಿನ ಬಡ್ಡಿ ಅದನ್ನು ಬಿಡಿಸಲಿಕ್ಕೇ ಹೋಯಿತು.

ಹದಿನೈದನ್ನೂ ಒಂದೇ ಖಾತೆಗೆ ಹಾಕಬಾರದಿತ್ತು. ಮಿತಿಯೊಳಗೆ ಒಬ್ಬರೇ ಎಷ್ಟು ಖಾತೆ ಬೇಕಾದರೂ ತೆಗೆಯಬಹುದು. ಐದೈದರ ಮೂರು ಮಾಡಿದ್ದರೆ ಒಂದನ್ನು ಮುರಿದು 7,500 ಕಳಕೊಂಡು ಸುಮ್ಮನಾಗುತ್ತಿದ್ದೆ. ಖಾತೆ ತೆಗೆಯುವಾಗ ಇದನ್ನು ಯಾರೂ ಹೇಳಲಿಲ್ಲ. ಮೂವತ್ತೊಂದು ವರ್ಷ ಲೆಕ್ಕ ಬರೆದವನಿಗೂ ಹೊಳೆಯಲಿಲ್ಲ.

ಅದೇ ವರ್ಷ ಜುಲೈ 1ಕ್ಕೆ ಮೆಸೇಜ್ ಬಂತು: 29,025. ಎರಡು ಸಲ ಓದಿದೆ. 3,225 ಕಡಿಮೆ. ಹತ್ತು ಪರ್ಸೆಂಟ್ ಟಿಡಿಎಸ್, ಅಂದರೆ ಬಡ್ಡಿ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ!

ನನಗೆ ಆದಾಯ ತೆರಿಗೆ ಬರುವುದೇ ಇಲ್ಲ. ಪೆನ್ಶನ್ ವರ್ಷಕ್ಕೆ 31,200, ಅದು ಸ್ಟ್ಯಾಂಡರ್ಡ್ ಡಿಡಕ್ಷನ್ ಎಂದು ಪೆನ್ಶನ್‌ನಲ್ಲಿ ಬಿಡುವ ಕಡಿತದಲ್ಲೇ ಮುಗಿಯುತ್ತದೆ. ಬಾಡಿಗೆ 72,000ದಲ್ಲಿ ಕಾನೂನು ಬಿಡುವ ಶೇಕಡಾ 30 ಕಳೆದರೆ 50,400. ಬಡ್ಡಿ 1,29,000. ಒಟ್ಟು 1,79,400. ಹಳೆ ತೆರಿಗೆ ಪದ್ಧತಿಯಲ್ಲಿ 60 ದಾಟಿದವರಿಗೆ 3 ಲಕ್ಷದವರೆಗೆ ತೆರಿಗೆ ಇಲ್ಲ. ಜೊತೆಗೆ ಆಗ 80ಟಿಟಿಬಿ ಎಂಬ ಕಲಮಿನಲ್ಲಿ ಹಿರಿಯರಿಗೆ ಬಡ್ಡಿಯಲ್ಲಿ 50,000 ವಿನಾಯಿತಿ ಬೇರೆ. ಆದರೆ ಬ್ಯಾಂಕಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಬಡ್ಡಿ ವರ್ಷಕ್ಕೆ 50,000 ದಾಟಿದರೆ ಹಿಡಿಯಬೇಕೆಂಬುದು ಆಗಿನ ನಿಯಮ. ಹಿಡಿಯಬೇಡಿ, ನನಗೆ ತೆರಿಗೆ ಬರುವುದಿಲ್ಲ ಎಂದು ಆಗ ಪ್ರತಿ ವರ್ಷ 15ಎಚ್ ಫಾರಂ ಕೊಡಬೇಕಿತ್ತು. ಒಂದು ಸಲ ಕೊಟ್ಟರೆ ಆಗುತ್ತಿರಲಿಲ್ಲ, ಪ್ರತಿ ಏಪ್ರಿಲ್.

ನಾನು ಕೊಟ್ಟಿದ್ದೆ. ರಾಯಚೂರಿನ ಏಪ್ರಿಲ್ ಬಿಸಿಲು ಗೊತ್ತಲ್ಲ, ತಲೆ ಮೇಲೆ ಟವೆಲ್ ಹಾಕಿಕೊಂಡು ಹೋಗಿ, ಕೌಂಟರಿನಲ್ಲಿ ನಿಂತು ಕೊಟ್ಟು ಬಂದಿದ್ದೆ. ಜುಲೈನಲ್ಲಿ ಕೇಳಲು ಹೋದರೆ ಆ ಹುಡುಗ, "ಯಜಮಾನ್ರೇ, ಸಿಸ್ಟಮ್‌ನ್ಯಾಗ ನಿಮ್ಮ 15ಎಚ್ ಇಲ್ರಿ" ಅಂದ.

"ನಾನೇ ಕೈಯಾರೆ ಕೊಟ್ಟೀನಲ್ಲಪ್ಪಾ."

"ಸ್ವೀಕೃತಿ ಐತೇನ್ರಿ?"

ಇರಲಿಲ್ಲ. ಮಿಲ್ಲಿನಲ್ಲಿ ಒಂದು ಲೋಡ್ ಹತ್ತಿ ಒಳಗೆ ಬಂದರೂ ಚೀಟಿ ಇಲ್ಲದೆ ಬಿಡದವ ನಾನು, ಬ್ಯಾಂಕಿನಲ್ಲಿ ಸೀಲು ಹಾಕಿಸಿಕೊಳ್ಳದೆ ಬಂದಿದ್ದೆ. ಅಲ್ಲೇ ಹೊಸ ಫಾರಂ ಕೊಟ್ಟೆ, ಮುಂದಿನ ಕಂತುಗಳು ಪೂರ್ತಿ ಬಂದವು. ಹಿಡಿದ 3,225 ಮಾತ್ರ ಬ್ಯಾಂಕ್ ವಾಪಸ್ ಕೊಡುವುದಿಲ್ಲ, ಅದು ಸರ್ಕಾರಕ್ಕೆ ಹೋಗಿಬಿಟ್ಟಿರುತ್ತದೆ. ಮುಂದಿನ ವರ್ಷ ರಿಟರ್ನ್ ಸಲ್ಲಿಸಿ ಕೇಳಬೇಕು. ಹಿಡಿದ ತೆರಿಗೆಯ ಲೆಕ್ಕ ತೋರಿಸುವ ಇಲಾಖೆಯ 26ಎಎಸ್ ಪಟ್ಟಿಯಲ್ಲಿ ಆ ಮೊತ್ತ ನನ್ನ ಪ್ಯಾನ್ ಹೆಸರಿಗೆ ಬಿದ್ದಿದೆಯೇ ಎಂದು ನೋಡಿಕೊಂಡು 2022ರ ಜೂನ್‌ನಲ್ಲಿ ರಿಟರ್ನ್ ಹಾಕಿದೆ, ಆಗಸ್ಟ್‌ನಲ್ಲಿ ಹಣ ಬಂತು. ಅಂದಿನಿಂದ 15ಎಚ್ ಎರಡು ಪ್ರತಿ ಒಯ್ಯುತ್ತಿದ್ದೆ. ಒಂದಕ್ಕೆ ಸೀಲು ಬೀಳುವವರೆಗೆ ಕೌಂಟರ್ ಬಿಡುತ್ತಿರಲಿಲ್ಲ. ಹಿಂದೆ ನಿಂತವರು ಬೈದುಕೊಳ್ಳಲಿ.

ಇನ್ನೊಂದು ಕಡೆಯ ತಪ್ಪೂ ಇದೆ. ನಮ್ಮ ಓಣಿಯ ನಿವೃತ್ತ ಮೇಷ್ಟ್ರೊಬ್ಬರಿಗೆ ಸರ್ಕಾರಿ ಪೆನ್ಶನ್ ಚೆನ್ನಾಗಿದೆ, ತೆರಿಗೆ ಬರುತ್ತದೆ. ಅವರೂ ನನ್ನ ಜೊತೆ 15ಎಚ್ ತುಂಬಿ ಕೊಟ್ಟರು, "ಎಲ್ಲರೂ ಕೊಡ್ತಾರ್ರಿ" ಎಂದು. ಅದು ಘೋಷಣೆ, ಸುಳ್ಳಾದರೆ ಕಾನೂನಿನಲ್ಲಿ ಶಿಕ್ಷೆ ಇದೆ. ಬಡ್ಡಿ ಎಷ್ಟು ಬಂತೆಂಬುದು ಹೇಗೂ ತೆರಿಗೆ ಇಲಾಖೆಯ ಬಳಿ ಇರುವ ನಮ್ಮ ಆದಾಯದ ಪಟ್ಟಿ ಎಐಎಸ್‌ನಲ್ಲಿ ಕಾಣುತ್ತದೆ. ಅವರು ಆಮೇಲೆ ತೆರಿಗೆಯನ್ನೂ ಅದರ ಮೇಲಿನ ಬಡ್ಡಿಯನ್ನೂ ಕಟ್ಟಿದರು. ಹೆಂಡತಿಯ ಹೆಸರಿಗೆ ದುಡ್ಡು ಹಾಕಿದರೆ ತೆರಿಗೆ ಹಂಚಿಹೋಗುತ್ತದೆ ಎಂದೂ ಅವರು ನಂಬಿದ್ದರು. ಗಂಡ ಕೊಟ್ಟ ಹಣದ ಮೇಲಿನ ಬಡ್ಡಿ ಗಂಡನ ಆದಾಯಕ್ಕೇ ಸೇರುತ್ತದೆ.

ಒಂದು ಲೆಕ್ಕ ಮಾತ್ರ ಬಿಡಿಸಿ ಹೇಳಬೇಕು, ಹಲವರಿಗೆ ಉಪಯೋಗಕ್ಕೆ ಬಂದೀತು. ಮಿಲ್ಲಿನ ಫಿಟ್ಟರ್ ಗೆಳೆಯನೊಬ್ಬ 2020ರ ಜೂನ್‌ನಲ್ಲಿ 15 ಲಕ್ಷ ಹಾಕಿದ, ಅವನಿಗೆ ಸಿಕ್ಕಿದ್ದು 7.4. 2023ರ ಏಪ್ರಿಲ್‌ನಲ್ಲಿ ದರ 8.2 ಆಯಿತು. "ಅಣ್ಣಾ, ನಾ ಕೆಟ್ಟೆ" ಎಂದು ಬಂದ. ಹಳೆ ಕೀರ್ದಿಯ ಖಾಲಿ ಪುಟದಲ್ಲೇ ಬರೆದುಕೊಟ್ಟೆ. ವ್ಯತ್ಯಾಸ 0.8, ಅಂದರೆ ವರ್ಷಕ್ಕೆ 12,000. ಅವಧಿ ಮುಗಿಯಲು ಉಳಿದದ್ದು 26 ತಿಂಗಳು, ಲಾಭ 26,000. ಎರಡು ವರ್ಷ ದಾಟಿದ್ದರಿಂದ ಮುರಿದರೆ ದಂಡ 15,000. ನಿವ್ವಳ 11,000 ಮೇಲು, ಜೊತೆಗೆ ಹೊಸ ದರ ಮುಂದಿನ ಐದು ವರ್ಷಕ್ಕೆ ಕಾಯಂ. ಮುರಿದು, ಕಡಿತದ ಹದಿನೈದು ಸಾವಿರ ಕೈಯಿಂದ ಸೇರಿಸಿ ಮತ್ತೆ ಹಾಕಿದ. ದಂಡ ಎಂದ ಕೂಡಲೇ ಹೆದರುವವರು ಈ ನಾಲ್ಕು ಸಾಲು ಬರೆದು ನೋಡಲಿ.

2024ರ ಆಗಸ್ಟ್‌ಗೆ ನನ್ನದು ಮುಗಿಯಿತು. ಮುಗಿಯಿತೆಂದು ಯಾರೂ ಫೋನ್ ಮಾಡಲಿಲ್ಲ. ಗಮನಿಸದೆ ಬಿಟ್ಟರೆ ಆ ದಿನದಿಂದ ಉಳಿತಾಯ ಖಾತೆಯ ಬಡ್ಡಿ ಅಷ್ಟೇ. ಮೂರು ವರ್ಷಕ್ಕೆ ಮುಂದುವರಿಸಬಹುದು, ಅದಕ್ಕೆ ಅವಧಿ ಮುಗಿದ ಮೇಲೂ ಒಂದು ವರ್ಷದ ತನಕ ಅರ್ಜಿ ಕೊಡಲು ಅವಕಾಶವಿದೆ. ಮೊದಲು ಒಂದೇ ಸಲ ಮುಂದುವರಿಸಬಹುದಿತ್ತು, 2023ರ ನವೆಂಬರ್‌ನಿಂದ ಮತ್ತೆ ಮತ್ತೆ. ನಾನು ಮುಚ್ಚಲು ಹೋದೆ. ಒಳಗಿನ ಕ್ಯಾಬಿನ್ನಿಗೆ ಕರೆದು ಕೂರಿಸಿ ಚಹಾ ಕೊಟ್ಟಾಗಲೇ ಅನುಮಾನ ಬಂತು. ಐದು ವರ್ಷದಲ್ಲಿ ನೀರು ಕೇಳಿದವರಿಲ್ಲ. "ಸರ್, ಇದಕ್ಕಿಂತ ಚಲೋ ಪ್ಲಾನ್ ಐತ್ರಿ, ಗ್ಯಾರಂಟಿ" ಎಂದು ಬಣ್ಣದ ಕಾಗದ ತೆಗೆದರು. ವಿಮೆ ಪಾಲಿಸಿ. ಒಂದೇ ಸಲವೋ, ವರ್ಷ ವರ್ಷ ಕಟ್ಟಬೇಕೋ ಎಂದೆ. ಐದು ವರ್ಷ ಕಟ್ಟಬೇಕಂತೆ. 65ರವನಿಗೆ, ಆದಾಯ ನಿಂತವನಿಗೆ! ಚಹಾ ಕುಡಿದು ಎದ್ದೆ.

ಆ 15 ಲಕ್ಷವನ್ನು ಈ ಸಲ ಮೂರು ಮಾಡಿದೆ: ಆಗಸ್ಟ್‌ನಲ್ಲಿ 5, ಸೆಪ್ಟೆಂಬರ್‌ನಲ್ಲಿ 5, ಇವೆರಡೂ ಅದೇ ಬ್ಯಾಂಕಿನಲ್ಲಿ, ಅಕ್ಟೋಬರ್‌ನಲ್ಲಿ 5 ಅಂಚೆ ಕಚೇರಿಯಲ್ಲಿ. ಮುಂದುವರಿಸಿದ್ದರೆ 8.2 ಮೂರು ವರ್ಷಕ್ಕೆ, ಹೊಸದು ತೆಗೆದಿದ್ದರಿಂದ ಐದು ವರ್ಷಕ್ಕೆ. ಹೊಸದನ್ನು ಬೇಗ ಮುರಿದರೆ ಮತ್ತೆ ಅದೇ ಕಡಿತ. ಮುಂದುವರಿಸಿದ್ದಾದರೆ ಒಂದು ವರ್ಷದ ನಂತರ ಕಡಿತವಿಲ್ಲದೆ ಮುಚ್ಚಬಹುದಿತ್ತು. ನಾನು ದರ ಹಿಡಿದುಕೊಂಡೆ. 2025ರಲ್ಲಿ ರಿಸರ್ವ್ ಬ್ಯಾಂಕ್ ಫೆಬ್ರುವರಿಯಿಂದ ಜೂನ್‌ನೊಳಗೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ದರ ರೆಪೊವನ್ನು 6.5ರಿಂದ 5.5ಕ್ಕೆ ಇಳಿಸಿ, ಬ್ಯಾಂಕಿನ ಎಫ್‌ಡಿ ದರ ಒಂದೊಂದಾಗಿ ಜಾರಿದಾಗ ಮೀಸೆ ತಿರುವಿದ್ದು ನಿಜ.

ಗೊತ್ತಿಲ್ಲದೆ ಇನ್ನೊಂದು ಲಾಭವೂ ಆಯಿತು. 2025ರ ಏಪ್ರಿಲ್‌ನಿಂದ ಹಿರಿಯರಿಗೆ ಟಿಡಿಎಸ್ ಮಿತಿ ಒಂದು ಲಕ್ಷ. ಬ್ಯಾಂಕಿನ ಹತ್ತು ಲಕ್ಷಕ್ಕೆ ಬಡ್ಡಿ 82,000, ಅಂಚೆಯ ಐದಕ್ಕೆ 41,000. ಎರಡು ಕಡೆ ಬೇರೆ ಬೇರೆ ಲೆಕ್ಕ, ಎರಡೂ ಮಿತಿಯೊಳಗೆ. ಹದಿನೈದೂ ಒಂದೇ ಕಡೆ ಇದ್ದಿದ್ದರೆ 1,23,000 ಆಗಿ ಮತ್ತೆ ಅದೇ ಫಾರಂ, ಅದೇ ಸಾಲು. ತೆರಿಗೆ ಬರುವವರಿಗೆ ಇದರಿಂದ ತೆರಿಗೆ ತಪ್ಪುವುದಿಲ್ಲ, ಮೊದಲೇ ಹಿಡಿಯುವುದು ತಪ್ಪುತ್ತದೆ ಅಷ್ಟೇ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲವೆಂದು ಕುಣಿಯುವವರಿಗೂ ಒಂದು ಮಾತು: ಕೊಂಡು ಎರಡು ವರ್ಷ ದಾಟಿದ ಪ್ಲಾಟು ಮಾರಿ ಬಂದ ಲಾಭಕ್ಕೆ ಆ ರಿಯಾಯಿತಿ ಇಲ್ಲ. ಇಲ್ಲಿ ಅರ್ಧ ಜನರ ನಿವೃತ್ತಿ ಹಣ ಪ್ಲಾಟಿನಲ್ಲೇ ಇರುವುದರಿಂದ ಹೇಳಿದೆ.

ಯೋಜನೆಯ ನಿಜವಾದ ಕೊರತೆ ಬೇರೆ. 2019ರಲ್ಲಿ ಬಂದ 32,250 ಐದು ವರ್ಷವಾದರೂ 32,250ವೇ, ಈಗ 30,750ಕ್ಕೆ ಇಳಿದಿದೆ. ನಮ್ಮ ಮನೆಯ ಔಷಧಿ ಖರ್ಚು ಆಗ ತಿಂಗಳಿಗೆ 900, ಈಗ 2,300; ನನ್ನ ಡೈರಿಯಲ್ಲಿದೆ. ಬೆಲೆ ಏರಿದ ಹಾಗೆ ಇದು ಏರುವುದಿಲ್ಲ. ಬೇರೆ ಆದಾಯ ಏನೂ ಇಲ್ಲದವರು ಇದೊಂದನ್ನೇ ನಂಬಿ ಕೂತರೆ ಎಪ್ಪತ್ತರ ಹೊತ್ತಿಗೆ ಇಕ್ಕಟ್ಟು. ನಾನು ಬಾಡಿಗೆ ಏರಿಸಿ ಸರಿದೂಗಿಸುತ್ತಿದ್ದೇನೆ, ಬಾಡಿಗೆಯವರು ಮುಖ ಗಂಟಿಕ್ಕುತ್ತಾರೆ.

ಹೆಂಡತಿಗೆ 2023ರಲ್ಲಿ 60 ತುಂಬಿತು. ಸಿಂಧನೂರು ಕಡೆಯ ತವರಿನ ಹೊಲದಲ್ಲಿ ಅವಳ ಪಾಲಿಗೆ ಬಂದ 9 ಲಕ್ಷವನ್ನು ಅವಳ ಹೆಸರಿಗೇ ಅಂಚೆ ಕಚೇರಿಯಲ್ಲಿ ಹಾಕಿಸಿದೆ. ಅವಳದೇ ದುಡ್ಡು, ನನ್ನ ಆದಾಯಕ್ಕೆ ಸೇರುವ ಮಾತಿಲ್ಲ. ನಾಮಿನಿ ಎರಡೂ ಕಡೆ ಬರೆಸಿದ್ದೇವೆ. ಪಾಸ್‌ಬುಕ್ ದೇವರ ಜಗುಲಿಯ ಮೇಲಿದೆ. ಮೂರು ತಿಂಗಳಿಗೆ 18,450 ಬರುತ್ತದೆ. ಕಳೆದ ಸಲ ಬಂದಾಗ ಅದನ್ನೇನು ಮಾಡಿದೆ ಎಂದು ಪೆನ್ನು ಹಿಡಿದು ಕೇಳಿದೆ.

"ಅದು ನಿಮ್ಮ ಕೀರ್ದಿಗೆ ಯಾಕ್ರೀ?" ಅಂದಳು.