ನಾಲ್ಕು ಮಳೆಗಾಲ ಕಂಡ ಫೇಲ್‌ಓವರ್ ಕ್ಲಸ್ಟರ್: ಶಿರಸಿಯಿಂದ ಒಂದು ವಿಮರ್ಶೆ

ಶಿರಸಿಯ ಒಂದು ಅಡಿಕೆ ಸೊಸೈಟಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ನಾನು. ರಾಶಿ, ಚಾಲಿ, ಬೆಟ್ಟೆ, ಬಿಳೆಗೋಟು ಎಲ್ಲದರ ಟೆಂಡರ್ ದರ, ತೂಕ, ಸದಸ್ಯರ ಖಾತೆ ಒಂದೇ ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸಿನಲ್ಲಿದೆ. ಟೆಂಡರ್ ಹೊತ್ತಿಗೆ ಅದು ನಿಂತರೆ ಚೀಲ ಇಳಿಸಿ ಕೂತವರಿಗೆ ಉತ್ತರ ಹೇಳಬೇಕಾದವನೂ ನಾನೇ. ಹಾಗಾಗಿ ವಿಂಡೋಸ್ ಸರ್ವರ್ 2019ರ ಫೇಲ್‌ಓವರ್ ಕ್ಲಸ್ಟರ್ ಹಾಕಿದೆವು, ಅಂದರೆ ಒಂದು ಮಷಿನ್ ಬಿದ್ದರೆ ಅದರ ಕೆಲಸವನ್ನು ಇನ್ನೊಂದು ಎತ್ತಿಕೊಳ್ಳುವ ಜೋಡಿ. ಎರಡು ಹೈಪರ್-ವಿ ಹೋಸ್ಟ್ (ವರ್ಚುವಲ್ ಮಷಿನ್ ಓಡಿಸುವ ನಿಜವಾದ ಸರ್ವರ್), ಅವುಗಳ ಮೇಲೆ ಎರಡು ವರ್ಚುವಲ್ ಮಷಿನ್, ಆ ಎರಡು ಸೇರಿ ಡೇಟಾಬೇಸಿನ ಕ್ಲಸ್ಟರ್. ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಕಳೆದ ಒಂದೂವರೆ ಅಂಕದಲ್ಲಿ ಅರ್ಧ ನನ್ನದೇ ತಪ್ಪು.

ಹಾಕುವುದು ಕಷ್ಟವಲ್ಲ. ಎರಡೂ ಮಷಿನ್‌ನಲ್ಲಿ ಒಂದೇ ಆವೃತ್ತಿಯ ವಿಂಡೋಸ್, ಒಂದೇ ಮಟ್ಟದ ಅಪ್‌ಡೇಟ್, ಒಂದೇ ಡೊಮೈನ್ (ಕಚೇರಿಯ ಕಂಪ್ಯೂಟರ್, ಖಾತೆಗಳನ್ನು ಒಟ್ಟಿಗೆ ನಿಭಾಯಿಸುವ ವ್ಯವಸ್ಥೆ), ಹೆಸರಿನಿಂದ ಮಷಿನ್ ಹುಡುಕಿಕೊಡುವ ಸರಿಯಾದ ಡಿಎನ್‌ಎಸ್. ಕ್ಲಸ್ಟರಿನ ಹೆಸರಿಗೆ ಡೊಮೈನಿನಲ್ಲಿ ಒಂದು ಖಾತೆ ಹುಟ್ಟುತ್ತದೆ, ಅದನ್ನು ಹುಟ್ಟಿಸುವ ಅನುಮತಿ ನಿಮಗೆ ಇರಬೇಕು. ಎರಡೂ ಕಡೆಯಿಂದ ಕಾಣುವ ಡಿಸ್ಕ್ ಬೇಕು. ನಾವು ನೆಟ್‌ವರ್ಕ್ ಮೂಲಕ ಸಿಗುವ ಹೊರಗಿನ ಪೆಟ್ಟಿಗೆಯ ಡಿಸ್ಕನ್ನು, ಅಂದರೆ ಐಸ್ಕಸಿ ಡಿಸ್ಕನ್ನು, ನೇರವಾಗಿ ಮಷಿನ್ ಒಳಗಿಂದಲೇ ಹಿಡಿದೆವು. ಹಂಚಿಕೊಂಡ ವರ್ಚುವಲ್ ಡಿಸ್ಕ್ ಕೂಡ ಆಗುತ್ತದೆ, ಆದರೆ ಅದಕ್ಕೆ ಬೇರೆ ಕಟ್ಟುಪಾಡುಗಳಿವೆ. ಸ್ಟ್ಯಾಂಡರ್ಡ್ ಆವೃತ್ತಿ ಸಾಕು, ಸುಮ್ನೆ ಡೇಟಾಸೆಂಟರ್‌ಗೆ ದುಡ್ಡು ಸುರಿಯಬೇಡಿ. ಹೋಸ್ಟುಗಳ ಒಳಗಿನ ಡಿಸ್ಕನ್ನೇ ಸ್ಟೋರೇಜ್ ಸ್ಪೇಸಸ್ ಡೈರೆಕ್ಟ್‌ನಿಂದ ಹಂಚುವುದಾದರೆ ಮಾತ್ರ ಅದು ಬೇಕು.

ಕೊನೆಗೆ ವ್ಯಾಲಿಡೇಶನ್ ಎಂಬ ತಪಾಸಣೆ ಓಡಿಸಬೇಕು. ನಮಗೆ ಎಲ್ಲ ಹಸಿರು ಬಂತು. ನಾನು ಮೋಸ ಹೋಗಿದ್ದು ಅಲ್ಲೇ.

ಅದು ನೋಡುವುದು ವರ್ಚುವಲ್ ಮಷಿನ್ ಒಳಗಿಂದ. ಒಳಗೆ ಎರಡು ನೆಟ್‌ವರ್ಕ್ ಕಾರ್ಡ್ ಇತ್ತು, ಅದು ತೃಪ್ತಿಪಟ್ಟಿತು. ಹೊರಗೆ ಬಂದು ನೋಡಿದರೆ ಎರಡೂ ಒಂದೇ ವರ್ಚುವಲ್ ಸ್ವಿಚ್ಚಿಗೆ, ಅಲ್ಲಿಂದ ಒಂದೇ ಕೇಬಲ್ಲಿಗೆ. ನಿಜವಾದ ಎರಡು ಸರ್ವರ್ ಆಗಿದ್ದರೆ ತಂತಿ ಕಣ್ಣಿಗೆ ಬೀಳುತ್ತಿತ್ತು, ಅಲ್ವಾ? ಇಲ್ಲಿ ತಂತಿಯ ಲೆಕ್ಕ ನೀವೇ ಇಡಬೇಕು.

ಮೊದಲ ಮಳೆಗಾಲದಲ್ಲೇ ಪಾಠ ಆಯಿತು. ಒಂದು ಹೋಸ್ಟನ್ನು ಧೂಳು ತೆಗೆಯಲು ನಿಲ್ಲಿಸಿದ್ದೆ. ಅದರ ಮೇಲಿದ್ದ ಮಷಿನ್ ಪಕ್ಕದ ಹೋಸ್ಟಿಗೆ ಹೋಯಿತು, ವಾಪಸ್ ತರುವುದು ಮರೆತೆ. ಎರಡು ದಿನ ಬಿಟ್ಟು ಆ ಪಕ್ಕದ ಹೋಸ್ಟೇ ಕೈಕೊಟ್ಟಿತು. ಎರಡೂ ನೋಡ್, ಅಂದರೆ ಕ್ಲಸ್ಟರಿನ ಎರಡೂ ಮಷಿನ್, ಒಟ್ಟಿಗೆ ಢಮಾರ್. ಹಿರಿಯ ಗುಮಾಸ್ತರು ಬಾಗಿಲಲ್ಲಿ ನಿಂತು "ತಮಾ, ಎಂತ ಆತೋ?" ಎಂದು ಕೇಳಿದ್ದು ಇವತ್ತಿಗೂ ನೆನಪಿದೆ. ಈಗ ಎರಡೂ ಮಷಿನ್‌ಗೆ ಆಂಟಿ-ಅಫಿನಿಟಿ ಗುರುತು ಹಾಕಿದ್ದೇನೆ, ಆದಷ್ಟು ಬೇರೆ ಬೇರೆ ಹೋಸ್ಟಿನಲ್ಲೇ ಇರುತ್ತವೆ. ಆದರೂ ಸಂಜೆ ಮನೆಗೆ ಹೊರಡುವ ಮುಂಚೆ ಒಮ್ಮೆ ಇಣುಕುತ್ತೇನೆ.

ಎರಡು ನೋಡ್ ಇದ್ದರೆ ಮೂರನೇ ಮತ ಬೇಕು, ಅದೇ ವಿಟ್ನೆಸ್. ನೋಡುಗಳ ಮಧ್ಯೆ ಮಾತು ಕಡಿದರೆ ಯಾರು ಉಳಿಯಬೇಕೆಂದು ಅದು ತೀರ್ಮಾನಿಸುತ್ತದೆ. ನಾವು ಮೊದಲು ಮೈಕ್ರೋಸಾಫ್ಟಿನ ಕ್ಲೌಡ್ ಸೇವೆಯಾದ ಅಜೂರ್‌ನ ಕ್ಲೌಡ್ ವಿಟ್ನೆಸ್ ಇಟ್ಟೆವು. ಜುಲೈಯಲ್ಲಿ ಮರ ಬಿದ್ದು ಇಂಟರ್ನೆಟ್ ಕಡಿದಾಗ ಎದೆ ಧಸಕ್ಕೆಂದಿತು, ಆದರೆ ಕ್ಲಸ್ಟರ್ ಬೀಳಲಿಲ್ಲ. ವಿಟ್ನೆಸ್ ಒಂದೇ ಹೋದರೆ ಡೈನಮಿಕ್ ಕೋರಂ ಎಂಬ ವ್ಯವಸ್ಥೆ ಮತಗಳನ್ನು ಹೊಂದಿಸಿಕೊಳ್ಳುತ್ತದೆ, ಒಂದು ನೋಡಿನ ಮತ ಮಾತ್ರ ಉಳಿಸುತ್ತದೆ. ಆ ಹೊತ್ತಿಗೆ ಮತ ಇರುವ ನೋಡೇ ತಟ್ಟನೆ ಸತ್ತರೆ ಮುಗೀತು. ನಮ್ಮಲ್ಲಿ ಇಂಟರ್ನೆಟ್ ಹೋಗುವುದೂ ಕರೆಂಟು ಹೋಗುವುದೂ ಒಂದೇ ಗಾಳಿಗೆ! ಹಾಗಾಗಿ ವಿಟ್ನೆಸ್ಸನ್ನು ಗೋದಾಮಿನ ಕಡೆಯ ಸಣ್ಣ ನ್ಯಾಸ್ (ನೆಟ್‌ವರ್ಕ್ ಡಿಸ್ಕ್) ಪೆಟ್ಟಿಗೆಗೆ ಬದಲಿಸಿದೆ, ಅದಕ್ಕೆ ಅದರದೇ ಯುಪಿಎಸ್. 2019ರಲ್ಲಿ ಡೊಮೈನಿಗೆ ಸೇರದ ಪೆಟ್ಟಿಗೆಯ ಶೇರನ್ನೂ ವಿಟ್ನೆಸ್ ಮಾಡಬಹುದು, ರೌಟರಿಗೆ ಚುಚ್ಚಿದ ಯುಎಸ್‌ಬಿ ಕಡ್ಡಿ ಕೂಡ ನಡೆಯುತ್ತದೆ. ನಮ್ಮಂಥ ಊರಿಗೆ ಇದು ದೊಡ್ಡ ಅನುಕೂಲ. ಆದರೆ ವಿಟ್ನೆಸ್ಸನ್ನು ಅದೇ ಹೋಸ್ಟಿನ ಇನ್ನೊಂದು ವರ್ಚುವಲ್ ಮಷಿನ್‌ನಲ್ಲಿ ಇಡಲೇಬೇಡಿ.

ಇನ್ನೊಂದು ಕಿರಿಕಿರಿ: ರಾತ್ರಿ ಬ್ಯಾಕಪ್ ಹೊತ್ತಿಗೆ ಕಾರಣವಿಲ್ಲದೆ ಫೇಲ್‌ಓವರ್. ಲಾಗ್‌ನಲ್ಲಿ 1135 ಎಂಬ ಈವೆಂಟ್, ಅಂದರೆ ಒಂದು ನೋಡ್ ಕ್ಲಸ್ಟರಿನಿಂದ ಹೊರಬಿತ್ತು ಎಂಬ ದಾಖಲೆ. ಬ್ಯಾಕಪ್ ಸಾಫ್ಟ್‌ವೇರ್ ಮಷಿನ್ನನ್ನು ಕೆಲವು ಕ್ಷಣ ಅಲುಗಾಡದಂತೆ ಹಿಡಿಯುತ್ತಿತ್ತು. "ಬದುಕಿದ್ದೇನೆ" ಎಂದು ಸೆಕೆಂಡಿಗೊಂದು ಹೋಗಬೇಕಾದ ಹಾರ್ಟ್‌ಬೀಟ್ ಸಂಕೇತ ಸಾಲಾಗಿ ತಪ್ಪಿ, ಪಕ್ಕದವನು ಇವನು ಸತ್ತನೆಂದು ತಿಳಿಯುತ್ತಿದ್ದ. ಡೇಟಾಬೇಸ್ ಬ್ಯಾಕಪ್ಪನ್ನು ಒಳಗಿಂದಲೇ ತೆಗೆಯಲು ಶುರು ಮಾಡಿದ ಮೇಲೆ ನಿಂತಿತು.

ಒಳ್ಳೆಯದೂ ಹೇಳಬೇಕು. ಅಪ್‌ಡೇಟ್ ದಿನದ ತಲೆನೋವು ಹೋಗಿದೆ. ಡೇಟಾಬೇಸನ್ನು ಆಚೆ ಸರಿಸಿ, ಈಚೆಯದನ್ನು ರೀಸ್ಟಾರ್ಟ್ ಮಾಡಿ, ಚಾ ಕುಡಿದು ಬರಬಹುದು. ಆದರೆ ಸರಿಯುವಾಗ ಡೇಟಾಬೇಸ್ ನಿಂತು ಮತ್ತೆ ಏಳುತ್ತದೆ. ಅರ್ಧ ಟೈಪ್ ಮಾಡಿದ ರಸೀದಿ ಹೋಗುತ್ತದೆ, ಗುಮಾಸ್ತರು ಮತ್ತೆ ಲಾಗಿನ್ ಆಗಬೇಕು. ನಮ್ಮಲ್ಲಿ ಅರ್ಧ ನಿಮಿಷದ ಆಸುಪಾಸು. "ನಿಲ್ಲುವುದೇ ಇಲ್ಲ" ಎಂದು ಮಾರಿದವರ ಮಾತು ನಂಬಬೇಡಿ.

ಹತ್ತು ನಿಮಿಷ ನಿಂತರೂ ನಡೆಯುವ ಕೆಲಸವಾದರೆ ಮಷಿನ್ ಒಳಗಿನ ಕ್ಲಸ್ಟರ್ ಬೇಡವೇ ಬೇಡ. ಹೋಸ್ಟುಗಳ ಕ್ಲಸ್ಟರ್ ಸಾಕು, ಒಂದು ಬಿದ್ದರೆ ಮಷಿನ್ ಇನ್ನೊಂದರಲ್ಲಿ ತಾನೇ ಬೂಟ್ ಆಗುತ್ತದೆ.

2019ಕ್ಕೆ ಭದ್ರತಾ ಅಪ್‌ಡೇಟ್ 2029ರ ಜನವರಿವರೆಗೆ ಇದೆ, ಅಲ್ಲಿತನಕ ಬದಲಿಸುವ ಯೋಚನೆಯಿಲ್ಲ. ಐಸ್ಕಸಿ ಪೆಟ್ಟಿಗೆ ಮಾತ್ರ ಇನ್ನೂ ಒಂದೇ ಇದೆ, ಅದು ಕೈಕೊಟ್ಟರೆ ಎರಡೂ ನೋಡಿಗೆ ಡಿಸ್ಕೇ ಇಲ್ಲ. ಎರಡನೆಯದಕ್ಕೆ ಮೂರು ಸಲ ಕೊಟೇಶನ್ ಕೊಟ್ಟಿದ್ದೇನೆ. ಆಡಳಿತ ಮಂಡಳಿ ಪ್ರತಿ ಸಲ ಕೇಳುವುದು ಒಂದೇ, "ಕ್ಲಸ್ಟರ್ ಇದ್ದಲ್ಲ?"