ಗೋಲ್ಡ್‌ಫಿಶ್ ‘ಬ್ರೀಡಿಂಗ್ ಜೋಡಿ’ ಕೊಳ್ಳುವ ಮೊದಲು ಬಾಲ ನೋಡಿ

ಕುರ್ಲಾ ಕಡೆ ಮೀನು ಕೊಳ್ಳಲು ಹೋಗುವ ಮುಂಬೈ ಕನ್ನಡಿಗರು ದಯವಿಟ್ಟು ಇದನ್ನು ಓದಿ. ಒರಾಂಡಾ ಎಂಬ ಗೋಲ್ಡ್‌ಫಿಶ್ ತಳಿಯ ಜೋಡಿ ತೋರಿಸಿ, "ಇದು ಗಂಡು, ಸ್ಟಾರ್ (ಬಿಳಿ ಚುಕ್ಕೆ) ಬಂದಿದೆ, ವಾರದೊಳಗೆ ಮೊಟ್ಟೆ ಗ್ಯಾರಂಟಿ" ಅಂದರೆ ಕೂಡಲೇ ದುಡ್ಡು ಬಿಚ್ಚಬೇಡಿ. ಹಾಗೆ ಹೇಳಿಯೇ ಅಂಗಡಿಯವರೊಬ್ಬರು ನನ್ನಿಂದ ಎರಡು ಸಾವಿರಕ್ಕೂ ಹೆಚ್ಚು ತೆಗೆದುಕೊಂಡು ರೋಗದ ಮೀನು ಕೊಟ್ಟರು.

ಮರಿ ಮಾಡುವ ಕಾಲದಲ್ಲಿ ಗಂಡಿಗೆ ಬಿಳಿ ಚುಕ್ಕೆ ಮೂಡುವುದು ನಿಜ. ಆದರೆ ಅದು ಹೆಚ್ಚಾಗಿ ಕಿವಿರಿನ ಮುಚ್ಚಳದ ಮೇಲೆ, ಎದೆಯ ರೆಕ್ಕೆಯ ಮುಂದಿನ ಗಟ್ಟಿ ಕಡ್ಡಿಯ ಮೇಲೆ ಬರುತ್ತದೆ. ಮೈ, ಬಾಲ ಎಲ್ಲ ಕಡೆ ಉಪ್ಪು ಉದುರಿಸಿದ ಹಾಗೆ ಕಂಡರೆ ಅದು ವೈಟ್ ಸ್ಪಾಟ್, ಅಂದರೆ ಇಕ್ ಎನ್ನುವ ಪರೋಪಜೀವಿಯ ಕಾಟ. ನನಗೆ ಕೊಟ್ಟ ‘ಗಂಡಿ’ನ ಬಾಲದ ತುದಿಯಲ್ಲೂ ಚುಕ್ಕೆಯಿತ್ತು. ಅಂಗಡಿಯ ತೊಟ್ಟಿಯ ನೀರು ಔಷಧಿಯಿಂದ ಕಡುನೀಲಿ, ಅಲ್ಲಿ ಏನೂ ಕಾಣುವಂತಿರಲಿಲ್ಲ. ಕೇಳಿದರೆ, "ಕ್ವಾರಂಟೈನ್ ಮುಗಿದ ಮಾಲು" ಎಂಬ ಉತ್ತರ.

ಡೊಂಬಿವಲಿಯ ನಮ್ಮ ಮನೆಯಲ್ಲಿ ಹೊಸ ಮೀನು ಬಂದರೆ ಮೊದಲು ಬೇರೆ ಟಬ್. ಅದರಿಂದ ಹಳೆಯ ಮೀನುಗಳು ಉಳಿದುಕೊಂಡವು. ತಿಳಿನೀರಿಗೆ ಬಿಟ್ಟ ಮೇಲೆ ಎಲ್ಲ ಬಯಲಾಯಿತು: ಎರಡೂ ಮೈಯನ್ನು ಟಬ್ಬಿನ ಗೋಡೆಗೆ ಉಜ್ಜುತ್ತಿದ್ದವು, ತಿನ್ನುವುದು ಬಿಟ್ಟವು. ಹೆಣ್ಣು ಎಂದಿದ್ದ ಮೀನು ಸತ್ತೇ ಹೋಯಿತು. ಅಂಗಡಿಗೆ ಫೋನ್ ಮಾಡಿದರೆ, "ನಿಮ್ಮ ನೀರಿನ ದೋಷ" ಎಂದು ಇಟ್ಟುಬಿಟ್ಟರು. ಗಂಡು ಎಂದು ಮಾರಿದ್ದು ಬದುಕಿತು, ಚಳಿ ಕಳೆದ ಮೇಲೆ ಮೊಟ್ಟೆಯನ್ನೂ ಇಟ್ಟಿತು! ವರ್ಷ ತುಂಬದ ಮೀನಿನಲ್ಲಿ ಗಂಡು-ಹೆಣ್ಣು ಹೇಳುವುದು ಅನುಭವಿಗಳಿಗೂ ಕಷ್ಟ. ಅದನ್ನು ಗ್ಯಾರಂಟಿ ಮಾಡಿ ಮಾರುವುದು ಅನ್ಯಾಯ.

ಈಗಾಗಲೇ ಇಂಥ ಮೀನು ತಂದಿದ್ದರೆ: ಬೇರೆ ಟಬ್, ಲೀಟರಿಗೆ 2–3 ಗ್ರಾಂ ಕಲ್ಲುಪ್ಪು, ಸ್ವಲ್ಪ ಸ್ವಲ್ಪವಾಗಿ ಕರಗಿಸಿ. ಚರ್ಮದೊಳಗೆ ಕುಳಿತ ಇಕ್ ಔಷಧಿಗೆ ಸಾಯುವುದಿಲ್ಲ, ಉದುರಿ ಒಡೆದು ನೀರಿನಲ್ಲಿ ಈಜುವ ಹಂತದಲ್ಲಿ ಮಾತ್ರ ಸಾಯುತ್ತದೆ. ಅದಕ್ಕೇ ಚುಕ್ಕೆ ಮಾಯವಾಯಿತೆಂದು ಚಿಕಿತ್ಸೆ ನಿಲ್ಲಿಸಬೇಡಿ, ಇನ್ನೂ ಒಂದು ವಾರ ಮುಂದುವರಿಸಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಬೇಸಿಗೆಯಲ್ಲಿ ಏರ್ ಪಂಪ್ ನಿಲ್ಲಲೇಬಾರದು. ಮುನಿಸಿಪಾಲಿಟಿ ನೀರಿನ ಕ್ಲೋರಿನ್ ತೆಗೆದೇ ಬಳಸಿ.

ಕೊಳ್ಳುವಾಗ ಮೀನನ್ನು ಬಿಳಿ ಬಕೆಟ್ಟಿನ ತಿಳಿನೀರಿಗೆ ಬಿಟ್ಟು ತೋರಿಸಲು ಹೇಳಿ. ಒಪ್ಪದಿದ್ದರೆ ಆ ಅಂಗಡಿಯಿಂದ ಏನೂ ತರಬೇಡಿ, ತೊಟ್ಟಿಯಲ್ಲಿಡುವ ಗಿಡವನ್ನೂ ಸಹ.